ವರ್ಕ್‌ಶಾಪ್ ಆಯ್ತು, ಸರ್ಟಿಫಿಕೇಟೂ ಬಂತು, ಓಪಿಯಲ್ಲಿ ಏನಾದ್ರೂ ಬದಲಾಯ್ತಾ? ಎಣಿಸಿ ನೋಡೋದು ಹೇಗೆ

ಭಾನುವಾರದ ವರ್ಕ್‌ಶಾಪ್ ಹೇಗಿರತ್ತೆ ಅಂತ ನಮ್ಮಂಥ ಫ್ಯಾಮಿಲಿ ಡಾಕ್ಟರುಗಳಿಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಒಂಬತ್ತೂವರೆಗೆ ರಿಜಿಸ್ಟ್ರೇಷನ್ ಅಂತಾರೆ, ಹತ್ತೂವರೆಗೆ ದೀಪ ಹಚ್ತಾರೆ, ಮೊದಲನೇ ಲೆಕ್ಚರ್ ಮುಗಿಯೋಷ್ಟ್ರಲ್ಲಿ ಕಾಫಿ ಬರತ್ತೆ, ಆಮೇಲೆ ಹ್ಯಾಂಡ್ಸ್ ಆನ್ ಅಂತ ಒಂದು ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಸುತ್ತ ಹದಿನೈದು ಜನ ನಿಂತ್ಕೋತೀವಿ, ಹಿಂದೆ ನಿಂತೋರಿಗೆ ಮುಂದಿನೋರ ಬೆನ್ನು ಮಾತ್ರ ಕಾಣತ್ತೆ, ಊಟ, ಗ್ರೂಪ್ ಫೋಟೋ, ಸರ್ಟಿಫಿಕೇಟು, ಬಸ್ಸು. ಐದು ವರ್ಷಕ್ಕೆ 30 ಗಂಟೆ ಸಿಎಂಇ, ಅಂದ್ರೆ ಡಾಕ್ಟರಾದ ಮೇಲೂ ಮುಂದುವರಿಯೋ ಕಲಿಕೆ, ಆಗ್ಬೇಕಲ್ಲ, ಅದರ ಲೆಕ್ಕಕ್ಕೆ ಒಂದಿಷ್ಟು ಸೇರ್ತು. ಸೋಮವಾರ ಬೆಳಗ್ಗೆ ಓಪಿಗೆ, ಅಂದ್ರೆ ಬಂದು ತೋರಿಸ್ಕೊಂಡು ಹೋಗೋ ಪೇಷಂಟ್‌ಗಳನ್ನ ನೋಡಕ್ಕೆ, ಕ್ಲಿನಿಕ್ ಬಾಗಿಲು ತೆಗೆದ್ರೆ ಹೊರಗಡೆ ಇಪ್ಪತ್ತು ಜನ ಕೂತಿರ್ತಾರೆ, ನಿನ್ನೆ ಕಲ್ತಿದ್ದು ಅಲ್ಲೇ ಬಾಗಿಲ ಹತ್ರ ಚಪ್ಪಲಿ ಜೊತೆ ಉಳ್ಕೊಳತ್ತೆ.

ನಂದೇ ಕಥೆ ಹೇಳ್ತೀನಿ. ಸಕ್ಕರೆ ಕಾಯಿಲೆಯವರ ಪಾದ ಪರೀಕ್ಷೆ ಬಗ್ಗೆ ಅರ್ಧ ದಿನದ ಟ್ರೈನಿಂಗ್‌ಗೆ ಹೋಗಿದ್ದೆ, ಚೆನ್ನಾಗೇ ಇತ್ತು, ಪಾದದಲ್ಲಿ ಸ್ಪರ್ಶ ಗೊತ್ತಾಗತ್ತಾ ಅಂತ ಒತ್ತಿ ನೋಡೋ ಎಳೆ, 10 ಗ್ರಾಂ ಮೊನೋಫಿಲಮೆಂಟ್ ಅಂತಾರೆ, ಅದನ್ನೂ ಒಂದು ಕೈಗೆ ಕೊಟ್ಟು ಕಳಿಸಿದ್ರು, ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ನಾನು ಎಲ್ಲಾದಕ್ಕೂ ಐದಕ್ಕೆ ಐದು ಹಾಕಿದ್ದೆ. ಮೂರು ನಾಲ್ಕು ತಿಂಗಳಾದ ಮೇಲೆ ನಮ್ಮ ಹಳೇ ಪೇಷಂಟ್ ಒಬ್ರು, ಅಡಿಕೆ ತೋಟದ ಯಜಮಾನ್ರು, ಕೆಮ್ಮು ಅಂತ ಬಂದ್ರು. ನೋಡಿ ಚೀಟಿ ಬರ್ಕೊಟ್ಟೆ. ಹೊರಗೆ ಹೋದೋರು ಎರಡು ನಿಮಿಷಕ್ಕೆ ವಾಪಸ್ ಬಂದು, ಡಾಕ್ಟ್ರೇ ಈ ಚಪ್ಪಲಿ ನೋಡಿ ಅಂದ್ರು, ಅಟ್ಟೆ ತೂರಿ ಒಂದು ಮೊಳೆ ಒಳಗೆ ಬಂದಿತ್ತು, ಅದನ್ನ ಮೊದ್ಲು ನೋಡಿದ್ದು ಬಾಗಿಲಲ್ಲಿದ್ದ ನಮ್ಮ ಸಿಸ್ಟರ್ರು. ಅಂಗಾಲಲ್ಲಿ ತೂತು, ಸುತ್ತ ಕೆಂಪಗಾಗಿದೆ, ಎಷ್ಟು ದಿನದಿಂದ ಅಂದ್ರೆ ಅವರಿಗೇ ಗೊತ್ತಿಲ್ಲ, ಶುಗರ್‌ನಿಂದ ಪಾದದ ಸ್ಪರ್ಶ ಹೋಗಿ ನೋವೇ ಇಲ್ವಲ್ಲ. ಫಿಲಮೆಂಟ್ ಎಲ್ಲಿಟ್ಟಿದೀನಿ ಅಂತ ಹುಡುಕಿದ್ರೆ ಔಷಧಿ ಕಂಪನಿ ರೆಪ್‌ಗಳು ಕೊಟ್ಟ ಪೆನ್ನುಗಳ ಕೆಳಗೆ, ಕವರ್ ಕೂಡ ಒಡೆದಿರ್ಲಿಲ್ಲ.

ಆವತ್ತು ಸಂಜೆ ಕೂತು ಹಿಂದಿನ ತಿಂಗಳ ಶುಗರ್ ಪೇಷಂಟ್‌ಗಳ ಕಾರ್ಡ್ ತೆಗೆದು ನೋಡಿದೆ. ಪಾದದ ಬಗ್ಗೆ ಒಂದು ಗೆರೆ ಬರ್ದಿದ್ದ ಕಾರ್ಡು ಒಂದು ಕೈ ಬೆರಳಲ್ಲಿ ಎಣಿಸೋಷ್ಟು. ಅದಕ್ಕೂ ಮುಂಚೆ ಯಾರಾದ್ರೂ ಕೇಳಿದ್ರೆ "ಹ್ಞೂಂ, ನೋಡ್ತೀನಪ್ಪ, ಸಾಮಾನ್ಯವಾಗಿ ನೋಡ್ತೀನಿ" ಅಂತ್ಲೇ ಹೇಳ್ತಿದ್ದೆ, ಸುಳ್ಳು ಹೇಳ್ಬೇಕು ಅಂತಲ್ಲ, ನಿಜವಾಗ್ಲೂ ಹಾಗೇ ಅನ್ಕೊಂಡಿದ್ದೆ. ಇದು ಹೇಗೆ ನಡಿಯತ್ತೆ, ಇದನ್ನ ಹೇಗೆ ಹಿಡಿಯೋದು, ಹಿಡಿದ ಮೇಲೆ ಏನ್ ಮಾಡೋದು ಅಂತ ಈ ಬರಹ. ಪಾದ ಪರೀಕ್ಷೆ ಬರೀ ಉದಾಹರಣೆ, ನಿಮ್ಮದು ಇನ್ಹೇಲರ್ ಇರಬಹುದು, ಕಿವಿ ನೋಡೋದಿರಬಹುದು, ಮಂಡಿಗೆ ಇಂಜೆಕ್ಷನ್ ಇರಬಹುದು.

ಮೊದ್ಲು ಒಂದು ಮಾತು, ಎಷ್ಟು ಬದಲಾವಣೆ ನಿರೀಕ್ಷೆ ಮಾಡ್ಬೇಕು ಅಂತ. ಡಾಕ್ಟರುಗಳ ಮೀಟಿಂಗು, ವರ್ಕ್‌ಶಾಪುಗಳ ಬಗ್ಗೆ ಜಗತ್ತಲ್ಲಿ ಆಗಿರೋ ಟ್ರಯಲ್‌ಗಳನ್ನೆಲ್ಲ (ಗುಂಪು ಮಾಡಿ ಹೋಲಿಸಿ ನೋಡೋ ಅಧ್ಯಯನಗಳು) ಕೂಡಿಸಿ, ವೈದ್ಯಕೀಯ ಸಂಶೋಧನೆಗಳನ್ನ ಒಟ್ಟು ಮಾಡಿ ತೂಗೋ ಕಾಕ್ರೇನ್ ಸಂಸ್ಥೆಯವರು 2009ರಲ್ಲಿ ಒಂದು ಲೆಕ್ಕ ಕೊಟ್ರು, 81 ಟ್ರಯಲ್ ನೋಡಿ. ಮಾಡ್ಬೇಕಾದ ಕೆಲಸ ಮಾಡೋದು ಸುಮಾರು ಶೇಕಡ 6ರಷ್ಟು ಜಾಸ್ತಿ ಆಗತ್ತೆ ಅಂತ. ಅಂದ್ರೆ ಮೊದಲು ನೂರರಲ್ಲಿ 40 ಜನಕ್ಕೆ ಮಾಡ್ತಿದ್ರೆ ಈಗ 46 ಜನಕ್ಕೆ. 2021ರಲ್ಲಿ ಇನ್ನೂರು ಚಿಲ್ಲರೆ ಸ್ಟಡಿ ಸೇರಿಸಿ ಮತ್ತೆ ನೋಡಿದ್ರೂ ಏಳರ ಹತ್ತಿರಕ್ಕೆ ಬಂತು ಅಷ್ಟೇ. ಸೊನ್ನೆ ಅಲ್ಲ, ಪವಾಡಾನೂ ಅಲ್ಲ. ನನಗಂತೂ ಈ ಸಂಖ್ಯೆ ನೋಡಿ ಸ್ವಲ್ಪ ಸಮಾಧಾನ ಆಯ್ತು, ಡ್ರಾಯರ್‌ನಲ್ಲಿ ಫಿಲಮೆಂಟ್ ಮರೆತಿರೋನು ನಾನೊಬ್ನೇ ಅಲ್ಲ ಅಂತ. ಆದ್ರೆ ಇದು ಸರಾಸರಿ. ಕೆಲವು ಟ್ರೈನಿಂಗ್ ಚೆನ್ನಾಗಿ ಕಚ್ಕೊಳತ್ತೆ, ಕೆಲವು ಊಟದ ಜೊತೆ ಜೀರ್ಣ ಆಗತ್ತೆ. ನಿಮ್ಮದು ಯಾವುದು ಅಂತ ನೀವೇ ಎಣಿಸಿದ್ರೇನೇ ಗೊತ್ತಾಗೋದು.

ಹೋಗೋ ಮುಂಚೆ ಎಣಿಸಿ

ಎಲ್ರೂ ತಪ್ಪೋದು ಇಲ್ಲೇ. ಟ್ರೈನಿಂಗ್ ಆದ ಮೇಲೆ ಎಣಿಸಿದ್ರೆ ಮೊದ್ಲು ಎಷ್ಟಿತ್ತು ಅಂತ ಹೇಗೆ ಹೇಳ್ತೀರ? ಬ್ರೋಷರ್ ಬಂದ ದಿನಾನೇ ಒಂದು ವಾಕ್ಯ ಬರೀರಿ, ಯಾವ ಪೇಷಂಟ್‌ಗೆ, ಯಾವಾಗ, ಏನು ಮಾಡ್ಬೇಕು ಅಂತ. "ಶುಗರ್ ಪೇಷಂಟ್‌ಗಳ ಆರೈಕೆ ಸುಧಾರಿಸ್ಬೇಕು" ಅಂತ ಬರೆದ್ರೆ ಅದನ್ನ ಎಣಿಸಕ್ಕಾಗಲ್ಲ. "ಶುಗರ್ ಇರೋ ಪ್ರತಿಯೊಬ್ಬರಿಗೂ ವರ್ಷಕ್ಕೆ ಒಂದ್ಸಲ ಎರಡೂ ಪಾದ ಕಣ್ಣಲ್ಲಿ ನೋಡಿ, ಸ್ಪರ್ಶ ಗೊತ್ತಾಗತ್ತಾ ಪರೀಕ್ಷೆ ಮಾಡಿ, ಕಾರ್ಡಲ್ಲಿ ಬರೀಬೇಕು" ಅಂದ್ರೆ ಎಣಿಸಬಹುದು. ಒಂದೇ ಒಂದು ವಾಕ್ಯ ಸಾಕು, ಎರಡು ಬೇಡ. ನಾನು ಮೊದಲು ಹುಮ್ಮಸ್ಸಲ್ಲಿ ಪಾದ, ಕಣ್ಣು, ಯೂರಿನ್ ಆಲ್ಬುಮಿನ್ ಎಲ್ಲಾ ಹಾಕ್ಕೊಂಡು ಎರಡನೇ ವಾರಕ್ಕೇ ಕೈ ಬಿಟ್ಟಿದ್ದೆ.

ಎಣಿಸೋದು ಹೇಗೆ ಅಂದ್ರೆ, ಟ್ರೈನಿಂಗ್‌ಗೆ ಹೋಗೋ ಮುಂಚಿನ ಯಾವುದಾದ್ರೂ ಸಾಮಾನ್ಯ ದಿನದಿಂದ ಶುರು ಮಾಡಿ ಓಪಿಗೆ ಬಂದ 30 ಶುಗರ್ ಪೇಷಂಟ್‌ಗಳ ಕಾರ್ಡ್ ಸಾಲಾಗಿ ತೆಗೀರಿ. ಸಾಲಾಗಿ ಅನ್ನೋದು ಮುಖ್ಯ, ಆರಿಸ್ಬೇಡಿ, ಆರಿಸಕ್ಕೆ ಹೋದ್ರೆ ನಮ್ಮ ಕೈ ತಾನಾಗೇ ಒಳ್ಳೇ ಕಾರ್ಡ್ ಕಡೆ ಹೋಗತ್ತೆ. ಕಳೆದ ಒಂದು ವರ್ಷದಲ್ಲಿ ಪಾದ ನೋಡಿದ್ದು ಬರ್ದಿದೆಯಾ, ಇದ್ರೆ ಒಂದು ಗೀಟು, ಪಕ್ಕದಲ್ಲಿ ನೋಡಿದ ತಾರೀಖು (ಮುಂದೆ ಹೋಲಿಸಕ್ಕೆ ಬೇಕಾಗತ್ತೆ), ಇಲ್ದಿದ್ರೆ ಸೊನ್ನೆ. ಕಾರ್ಡ್ ಇಟ್ಟಿಲ್ಲ, ಚೀಟಿ ಬರ್ಕೊಟ್ಟು ಕಳಿಸ್ತೀವಿ ಅನ್ನೋರು ನಮ್ಮಲ್ಲಿ ಬಹಳ ಜನ ಇದೀವಿ, ಅಂಥೋರು ಹತ್ತು ದಿನ ಚೀಟಿಗಳದ್ದು ಮೊಬೈಲಲ್ಲಿ ಫೋಟೋ ತೆಗೆಸಿಟ್ಕೊಳ್ಳಿ, ಇಲ್ಲಾ ಬಾಗಿಲ ಹತ್ರ ಒಂದು ನೋಟ್‌ಬುಕ್ ಇಡಿ.

ಬಾಗಿಲ ಹತ್ರದ ನೋಟ್‌ಬುಕ್ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ನನಗೆ ಅತ್ಯಂತ ಉಪಯೋಗ ಆಗಿದ್ದು ಅದೇ. ಕಾರ್ಡ್‌ನಲ್ಲಿ ಬರ್ದಿರೋದಕ್ಕೂ ನಡೆದಿರೋದಕ್ಕೂ ವ್ಯತ್ಯಾಸ ಇರತ್ತೆ. ಕೆಲವ್ರು ನೋಡಿರ್ತಾರೆ ಬರ್ದಿರಲ್ಲ, ಕೆಲವ್ರು, ಹೇಳ್ಬಾರ್ದು, ಬರ್ದಿರ್ತಾರೆ ನೋಡಿರಲ್ಲ. ಅದಕ್ಕೆ ಪೇಷಂಟ್ ಹೊರಗೆ ಹೋಗೋವಾಗ ಸಿಸ್ಟರ್ ಒಂದೇ ಪ್ರಶ್ನೆ ಕೇಳ್ಬೇಕು. "ಡಾಕ್ಟ್ರು ಇವತ್ತು ಪಾದ ಮುಟ್ಟಿ ನೋಡಿದ್ರಾ?" ಅಷ್ಟೇ. "ಪರೀಕ್ಷೆ ಮಾಡಿದ್ರಾ" ಅಂತ ಕೇಳಿಸ್ಬೇಡಿ, ಬಿಪಿ ನೋಡಿದ್ದಕ್ಕೂ ಹೌದು ಮಾಡಿದ್ರು ಅಂತಾರೆ. ನಮ್ಮ ಸಿಸ್ಟರ್ ಮೊದಲನೇ ದಿನ ಕೇಳಿದಾಗ ಒಬ್ಬ ಅಜ್ಜಿ "ಅಯ್ಯೋ ಡಾಕ್ಟ್ರು ಯಾಕಮ್ಮಾ ನನ್ ಕಾಲು ಮುಟ್ತಾರೆ, ಪಾಪ ಬರಲ್ವಾ" ಅಂದ್ರಂತೆ. ಈ ಮಾತು ನಾನು ಯಾವ ಲೆಕ್ಚರ್‌ನಲ್ಲೂ ಕೇಳಿರ್ಲಿಲ್ಲ. ವಯಸ್ಸಾದೋರು ಕಾಲು ಹಿಂದಕ್ಕೆ ಎಳ್ಕೊಳೋದು ನಾಚಿಕೆಗೆ ಅಂತ ಅನ್ಕೊಂಡಿದ್ದೆ, ಅದರ ಹಿಂದೆ ಇದೂ ಇರತ್ತೆ.

ಇನ್ನೊಂದು ಕಳ್ಳ ಉಪಾಯ. ಪಾದದ ಜೊತೆ, ಟ್ರೈನಿಂಗ್‌ನಲ್ಲಿ ಹೇಳ್ಕೊಡದೇ ಇರೋ ಇನ್ನೊಂದು ವಿಷಯಾನೂ ಎಣಿಸಿ, ಉದಾಹರಣೆಗೆ ಅದೇ 30 ಕಾರ್ಡ್‌ನಲ್ಲಿ ತೂಕ ಬರ್ದಿದೆಯಾ ಅಂತ. ಟ್ರೈನಿಂಗ್ ಆದ ಮೇಲೆ ಪಾದಾನೂ ಏರ್ತು ತೂಕಾನೂ ಅಷ್ಟೇ ಏರ್ತು ಅಂದ್ರೆ, ನೀವು ಒಟ್ಟಾರೆ ನೀಟಾಗಿ ಬರೆಯಕ್ಕೆ ಶುರು ಮಾಡಿದೀರ ಅಷ್ಟೇ, ಟ್ರೈನಿಂಗ್‌ಗೆ ಕ್ರೆಡಿಟ್ ಕೊಡಂಗಿಲ್ಲ. ಪಾದ ಮಾತ್ರ ಏರಿ ತೂಕ ಹಾಗೇ ಇದ್ರೆ ಏನೋ ಆಗಿದೆ ಅಂತ.

ಅಲ್ಲಿ ಹೋದಾಗ

ಕೈಗೆ ಸಿಗದೇ ಬರ್ಬೇಡಿ, ಅಷ್ಟೇ ನಾನು ಹೇಳೋದು. ಕಲಿಸೋರು ಒಳ್ಳೆಯವರಾದ್ರೆ ನಾಲ್ಕು ಹಂತದಲ್ಲಿ ಕಲಿಸ್ತಾರೆ, ಮೊದ್ಲು ಮಾತಿಲ್ದೇ ಮಾಡಿ ತೋರಿಸ್ತಾರೆ, ಆಮೇಲೆ ಒಂದೊಂದೇ ಹೆಜ್ಜೆ ವಿವರಿಸ್ತಾ ಮಾಡ್ತಾರೆ, ಮೂರನೇ ಸಲ ನೀವು ಹೇಳ್ತಾ ಹೋಗ್ಬೇಕು ಅವ್ರು ಮಾಡ್ತಾರೆ, ನಾಲ್ಕನೇ ಸಲ ನೀವೇ ಹೇಳಿ ನೀವೇ ಮಾಡ್ಬೇಕು. ಮೂರನೇ ಹಂತದಲ್ಲೇ ನಮಗೆ ಏನು ಬಂದಿಲ್ಲ ಅಂತ ಬಯಲಾಗೋದು. ಸಾಮಾನ್ಯವಾಗಿ ಟೈಮಿಲ್ಲ ಅಂತ ಎರಡನೇ ಹಂತಕ್ಕೇ ನಿಲ್ಲಿಸ್ತಾರೆ. ನಿಲ್ಲಿಸಿದ್ರೆ ಊಟದ ಹೊತ್ತಲ್ಲಿ ಪಕ್ಕದ ಡಾಕ್ಟರ್ ಸಾಕ್ಸ್ ಬಿಚ್ಚಿಸಿ ಅವರ ಕಾಲ ಮೇಲೆ ಮಾಡಿ, ನಾಚಿಕೆ ಏನಿಲ್ಲ.

ಮಾಡೋವಾಗ ಎಲ್ಲಿ ತಪ್ತೀವಿ ಅಂತ ಹತ್ತಿರದಿಂದ ನೋಡಿ. ಫಿಲಮೆಂಟ್ ನೆಟ್ಟಗೆ ಚರ್ಮಕ್ಕೆ ತಾಗಿಸಿ ಅದು ಬಾಗೋವರೆಗೂ ಒತ್ಬೇಕು, ಬಾಗಿದ್ರೇನೇ 10 ಗ್ರಾಂ ಬಿದ್ದಂಗೆ, ಒಂದೆರಡು ಸೆಕೆಂಡ್ ಸಾಕು. ನಾವು ಅವಸರದಲ್ಲಿ ಬ್ರಶ್ ಥರ ಸವರ್ತೀವಿ. ಚರ್ಮ ದಪ್ಪಗಾಗಿ ಆಣಿ ಆಗಿರೋ ಜಾಗದಲ್ಲಿ ಒತ್ಬಾರ್ದು, ಅಲ್ಲಿ ಎಂಥೋರಿಗೂ ಗೊತ್ತಾಗಲ್ಲ. ಮೊದ್ಲು ಪೇಷಂಟ್ ಕೈ ಮೇಲೋ ಹಣೆ ಮೇಲೋ ತೋರಿಸಿ "ಹಿಂಗಿರತ್ತೆ, ಗೊತ್ತಾದಾಗ ಹ್ಞೂಂ ಅನ್ನಿ" ಅಂತ ಹೇಳಿ ಕಣ್ಣು ಮುಚ್ಚಿಸ್ಬೇಕು. ಮಧ್ಯ ಮಧ್ಯ ಮುಟ್ಟದೇನೇ "ಈಗ ಗೊತ್ತಾಯ್ತಾ" ಅಂತ ಕೇಳ್ಬೇಕು, ನಮ್ಮ ಜನ ಡಾಕ್ಟ್ರಿಗೆ ಬೇಜಾರಾಗ್ಬಾರ್ದು ಅಂತ ಎಲ್ಲದಕ್ಕೂ ಹ್ಞೂಂ ಅಂದ್ಬಿಡ್ತಾರೆ. ಒಂದೇ ಫಿಲಮೆಂಟಲ್ಲಿ ಸಾಲಾಗಿ ಹತ್ತು ಜನಕ್ಕೆ ಮಾಡಿದ್ರೆ ಅದಕ್ಕೆ ಒಂದು ದಿನ ರೆಸ್ಟ್ ಕೊಡ್ಬೇಕು, ಇಲ್ಲಾಂದ್ರೆ ಮೆತ್ತಗಾಗಿ ಬೇಗ ಬಾಗತ್ತೆ.

ಮುಗಿದು ಹೊರಡೋವಾಗ ಕಲಿಸಿದವರನ್ನ ಒಂದು ಪ್ರಶ್ನೆ ಕೇಳಿ. "ಸಾರ್, ನನ್ನ ಓಪಿಯಲ್ಲಿ ಒಬ್ಬರಿಗೆ ಸಿಗೋದು ನಾಲ್ಕೈದು ನಿಮಿಷ, ಅದ್ರಲ್ಲಿ ಇದನ್ನ ಎಲ್ಲಿ ತೂರಿಸ್ಲಿ?" ಉತ್ತರ ಕೊಟ್ರೆ ಬರ್ಕೊಳ್ಳಿ. ತಲೆ ಕೆರ್ಕೊಂಡ್ರೆ ನೀವೇ ಯೋಚನೆ ಮಾಡ್ಬೇಕು, ಮುಂದೆ ಹೇಳ್ತೀನಿ.

ಸೋಮವಾರ

ಇಡೀ ವಿಷಯದಲ್ಲಿ ನನಗೆ ಗಟ್ಟಿ ನಂಬಿಕೆ ಇರೋದು ಒಂದರ ಮೇಲೆ. ಭಾನುವಾರ ಎಷ್ಟು ಕಲಿತ್ರಿ ಅನ್ನೋದಕ್ಕಿಂತ ಸೋಮವಾರ ಟೇಬಲ್ ಮೇಲೆ ಏನಿದೆ, ಬಾಗಿಲ ಹತ್ರ ಯಾರಿದಾರೆ ಅನ್ನೋದೇ ಕೆಲಸ ಮಾಡಿಸೋದು.

ಟಾಂಜಾನಿಯಾದ ಹೇಡಮ್ ಅಂತ ಒಂದು ಹಳ್ಳಿ ಕಡೆ ಆಸ್ಪತ್ರೆಯಲ್ಲಿ ಆಗಿದ್ದು ಕೇಳಿ, ಫ್ಯಾಮಿಲಿ ಡಾಕ್ಟರ್ ಕಥೆ ಅಲ್ಲ, ಹೆರಿಗೆ ವಾರ್ಡಿಂದು, ಆದ್ರೂ ನಮಗೂ ಲಾಗೂ ಆಗತ್ತೆ. ಹುಟ್ಟಿದ ತಕ್ಷಣ ಉಸಿರಾಡದ ಮಗೂಗೆ ಬ್ಯಾಗ್ ಮಾಸ್ಕಲ್ಲಿ ಉಸಿರು ಕೊಡೋದನ್ನ ಒಂದು ದಿನದ ಕೋರ್ಸಲ್ಲಿ ಕಲಿಸಿದ್ರು, ಹೆಲ್ಪಿಂಗ್ ಬೇಬೀಸ್ ಬ್ರೀದ್ ಅನ್ನೋ ಕೋರ್ಸು. ಏಳು ತಿಂಗಳಾದ ಮೇಲೆ ಗೊಂಬೆ ಮೇಲೆ ಮಾಡಿ ತೋರಿಸಿ ಅಂದ್ರೆ ಮೊದಲಿಗಿಂತ ಚೆನ್ನಾಗಿ ಮಾಡಿದ್ರು. ನಿಜವಾದ ಹೆರಿಗೆ ರೂಮಲ್ಲಿ ನೋಡಿದ್ರೆ ಮೊದಲಿದ್ದಂಗೇ. 2013ರಲ್ಲಿ ಇದನ್ನ ಪ್ರಕಟ ಮಾಡಿದ್ರು, ಮುಚ್ಚಿಡ್ಲಿಲ್ಲ, ಅದಕ್ಕೊಂದು ಸಲಾಂ. ಆಮೇಲೆ ಅದೇ ಆಸ್ಪತ್ರೆಯಲ್ಲಿ ಗೊಂಬೇನ ವಾರ್ಡಲ್ಲೇ ಇಟ್ಟು ಕೆಲವೇ ನಿಮಿಷದ ಅಭ್ಯಾಸಾನ ಪದೇ ಪದೇ ಮಾಡಿಸಿದ್ರು, ಆಗ ಹುಟ್ಟಿದ 24 ಗಂಟೆಯೊಳಗೆ ಸಾಯೋ ಮಕ್ಕಳ ಸಂಖ್ಯೆ ಸಾವಿರಕ್ಕೆ 11.1ರಿಂದ 7.2ಕ್ಕೆ ಇಳೀತು. ಕೋರ್ಸ್ ಅದೇ, ಜನಾನೂ ಅಲ್ಲಿಯವರೇ. ಗೊಂಬೆ ಎಲ್ಲಿತ್ತು, ಎಷ್ಟು ಸಲ ಕೈಗೆ ಸಿಗ್ತಿತ್ತು ಅನ್ನೋದೇ ವ್ಯತ್ಯಾಸ.

ನಮ್ಮ ಕ್ಲಿನಿಕ್‌ಗೆ ಇದನ್ನ ಇಳಿಸೋದು ಹೇಗೆ? ನಾನು ಮಾಡಿದ್ದು ಹೇಳ್ತೀನಿ. ಫಿಲಮೆಂಟ್ ಡ್ರಾಯರ್‌ನಿಂದ ತೆಗೆದು ಬಿಪಿ ಮೆಷಿನ್ ಕಫ್‌ಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದೆ, ಬಿಪಿ ನೋಡೋದು ನಾನು ಯಾವತ್ತೂ ಮರೆಯಲ್ಲ, ಅದ್ರ ಜೊತೆ ಇದು ಕಣ್ಣಿಗೆ ಬೀಳ್ಳೇಬೇಕು. ಎರಡನೇದು, ಶುಗರ್ ಪೇಷಂಟ್ ಕಾರ್ಡಿನ ಮೂಲೇಲಿ ಸಿಸ್ಟರ್ ಒಂದು ಸಣ್ಣ ಪಾದದ ಚಿತ್ರ ಬರೀತಾರೆ, ಈ ವರ್ಷ ಇನ್ನೂ ನೋಡಿಲ್ಲ ಅಂದ್ರೆ. ನೋಡಿ ಆದ ಮೇಲೆ ನಾನು ಅದರ ಮೇಲೆ ಗೀಟು ಹಾಕ್ತೀನಿ. ಅವರ ಪಾದದ ಚಿತ್ರ ಮೊದಮೊದ್ಲು ಬದ್ನೆಕಾಯಿ ಥರ ಇತ್ತು, ಈಗ ಪರವಾಗಿಲ್ಲ.

ಮೂರನೇದು ಚಪ್ಪಲಿ. ನಮ್ಮ ಕಡೆ ಕ್ಲಿನಿಕ್ ಒಳಗೆ ಬರೋವಾಗ ಚಪ್ಪಲಿ ಹೊರಗೇ ಬಿಡ್ತಾರಲ್ಲ, ಅಂದ್ರೆ ಬೇರೆ ದೇಶದ ಡಾಕ್ಟರ್‌ಗೆ ಶೂ ಸಾಕ್ಸ್ ಬಿಚ್ಚಿಸೋದೇ ದೊಡ್ಡ ಕೆಲಸ ಆದ್ರೆ ನಮಗೆ ಅರ್ಧ ಕೆಲಸ ಬಾಗಿಲಲ್ಲೇ ಮುಗಿದಿರತ್ತೆ. ಅದೇ ಹೊತ್ತಲ್ಲಿ ಸ್ಪರ್ಶ ಕಳ್ಕೊಂಡಿರೋ ಕಾಲಿನೋರು ಬರಿಗಾಲಲ್ಲಿ ಓಡಾಡೋದೂ ಒಳ್ಳೇದಲ್ಲ, ಅದಕ್ಕೆ ಅಂಥೋರಿಗೆ ಚಪ್ಪಲಿ ಹಾಕ್ಕೊಂಡೇ ಬನ್ನಿ ಅಂತ ಈಗ ಬೋರ್ಡ್ ಹಾಕಿದೀವಿ. ಬಂದು ಕೂತ ಮೇಲೆ ಚಪ್ಪಲಿ ಒಳಗೆ ಕೈಯಾಡಿಸಿ ನೋಡೋದು ಸಿಸ್ಟರ್ ಕೆಲಸ, ಮೊಳೆ ಕಥೆ ಆದ ಮೇಲೆ ಅವರೇ ವಹಿಸ್ಕೊಂಡ್ರು.

ಟೈಮ್ ಸಾಲಲ್ಲ ಅಂದ್ರೆ ಸುಲಭದ ದಾರಿ ಇದೆ, ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ಶುರುವಾಗಿದ್ದು. ಉಪಕರಣ ಏನೂ ಬೇಡ, ಪೇಷಂಟ್ ಕಣ್ಣು ಮುಚ್ಕೊಂಡಿರ್ಬೇಕು, ನಿಮ್ಮ ತೋರುಬೆರಳ ತುದಿಯಿಂದ ಎರಡೂ ಕಾಲಿನ ಹೆಬ್ಬೆರಳು, ಮಧ್ಯದ ಬೆರಳು, ಕಿರುಬೆರಳಿನ ತುದಿ ಹಗುರವಾಗಿ ಒಂದೆರಡು ಸೆಕೆಂಡ್ ಮುಟ್ಬೇಕು, ಒಟ್ಟು ಆರು ಕಡೆ. ಎರಡು ಅಥವಾ ಜಾಸ್ತಿ ಕಡೆ ಗೊತ್ತಾಗ್ಲಿಲ್ಲ ಅಂದ್ರೆ ಸ್ಪರ್ಶ ಕಮ್ಮಿ ಆಗಿದೆ ಅಂತ ಲೆಕ್ಕ. ಒತ್ತಬಾರ್ದು, ತಟ್ಟಬಾರ್ದು, ಸವರಬಾರ್ದು. ಒಂದು ನಿಮಿಷಾನೂ ಬೇಡ. ಇದನ್ನ ಸಿಸ್ಟರ್‌ಗೆ ಕಲಿಸ್ಬಿಟ್ರೆ ಪೇಷಂಟ್ ನಿಮ್ಮ ರೂಮಿಗೆ ಬರೋ ಮುಂಚೆನೇ ಆಗಿರತ್ತೆ. ಯಾರು ಮಾಡಿದ್ರೂ ಪರವಾಗಿಲ್ಲ, ಎಣಿಕೆಗೆ ಬೇಕಾಗಿರೋದು ಪಾದ ನೋಡಿದ್ದಾಯ್ತಾ ಅಂತ.

ಮತ್ತೆ ಎಣಿಸೋದು: ಒಂದು ತಿಂಗಳಿಗೆ, ಆರು ತಿಂಗಳಿಗೆ

ಮೊದಲನೇ ವಾರ ಎಣಿಸ್ಬೇಡಿ, ಆ ವಾರ ಎಲ್ರೂ ಹುಲಿಗಳೇ. ಒಂದು ತಿಂಗಳಾದ ಮೇಲೆ ಮತ್ತೆ 30 ಕಾರ್ಡು, ಅದೇ ವಾಕ್ಯ, ಅದೇ ಗೀಟು ಸೊನ್ನೆ. ಆರು ತಿಂಗಳಿಗೆ ಇನ್ನೊಂದ್ಸಲ. ಒಂದು ವಿಷಯ ನೆನಪಿರ್ಲಿ, ಟ್ರೈನಿಂಗ್ ಆದ ಮೇಲಿನ ಎಣಿಕೆಯಲ್ಲಿ ಆ ದಿನದಿಂದ ಈಚೆಗೆ ನೋಡಿದ್ದಾ ಅಂತ ತಾರೀಖು ನೋಡ್ಕೊಳ್ಳಿ, ಹಳೇ ಗೀಟನ್ನ ಹೊಸದಕ್ಕೆ ಸೇರಿಸ್ಬೇಡಿ. ಹೋಲಿಕೆ ಸರಿಯಾಗಿ ಬರ್ಬೇಕು ಅಂದ್ರೆ ಮೊದಲಿನ ಎಣಿಕೆಗೂ ಅಷ್ಟೇ ಅವಧಿ ತಗೊಳ್ಳಿ, ಒಂದು ತಿಂಗಳಿಗೆ ಒಂದು ತಿಂಗಳು, ಆರಕ್ಕೆ ಆರು.

ಸಂಖ್ಯೆ ಹೇಗೆ ಓದೋದು? ಮೊದ್ಲು 30ರಲ್ಲಿ 4 ಇತ್ತು, ಈಗ 7 ಆಯ್ತು ಅನ್ಕೊಳ್ಳಿ. ಖುಷಿ ಪಡ್ಬೇಡಿ, ಇಷ್ಟು ಏರುಪೇರು ಏನೂ ಮಾಡ್ದಿದ್ರೂ ಆಗತ್ತೆ, ಆ ತಿಂಗಳು ಕಾಲುರಿ ಅಂತ ಬಂದೋರೇ ನಾಲ್ಕು ಜನ ಜಾಸ್ತಿ ಇದ್ರೆ ಮುಗೀತು. 4 ಇದ್ದಿದ್ದು 19 ಆದ್ರೆ ಯಾರನ್ನೂ ಕೇಳ್ಬೇಕಾಗಿಲ್ಲ. ಮಧ್ಯದಲ್ಲಿದ್ರೆ, ಅಂದ್ರೆ 10, 11 ಅಂಥದ್ದು, ಇನ್ನೊಂದು 30 ಎಣಿಸಿ. ಇನ್ನೂ ಸ್ವಲ್ಪ ಆಸಕ್ತಿ ಇರೋರು ವಾರಕ್ಕೆ ಹತ್ತು ಕಾರ್ಡ್ ಅಂತ ಎಣಿಸಿ ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡ್ತಾ ಹೋಗಿ, ಟ್ರೈನಿಂಗ್‌ಗಿಂತ ಮುಂಚಿನ ಚುಕ್ಕೆಗಳ ಮಧ್ಯದ ಬೆಲೆಗೆ ಒಂದು ಅಡ್ಡಗೆರೆ ಎಳೀರಿ, ಆಮೇಲೆ ಸತತವಾಗಿ ಆರು ಚುಕ್ಕೆ ಆ ಗೆರೆಗಿಂತ ಮೇಲಿದ್ರೆ ನಿಜವಾಗ್ಲೂ ಬದಲಾಗಿದೆ ಅಂತ ಇಟ್ಕೋಬಹುದು.

ಆರು ತಿಂಗಳ ಎಣಿಕೆ ಯಾಕೆ ಬೇಕು ಅನ್ನೋದಕ್ಕೆ ಉತ್ತರ ಪ್ರದೇಶದ ಒಂದು ದೊಡ್ಡ ಟ್ರಯಲ್ ಇದೆ, 120 ಹೆರಿಗೆ ಕೇಂದ್ರ, ಒಂದೂವರೆ ಲಕ್ಷಕ್ಕೂ ಜಾಸ್ತಿ ಹೆರಿಗೆ, 2017ರಲ್ಲಿ ಬಂತು. ಚೆಕ್‌ಲಿಸ್ಟ್ ಕೊಟ್ಟು ಎಂಟು ತಿಂಗಳು ಕೋಚ್‌ಗಳು ಬಂದು ಪಕ್ಕದಲ್ಲಿ ನಿಂತು ಹೇಳ್ಕೊಟ್ರು. ಎರಡು ತಿಂಗಳಲ್ಲಿ ಮಾಡ್ಬೇಕಾದ ಕೆಲಸಗಳಲ್ಲಿ ಶೇಕಡ 73ರಷ್ಟು ಮಾಡ್ತಿದ್ರು, ಕೋಚ್ ಇಲ್ಲದ ಕಡೆ 42. ಕೋಚ್‌ಗಳು ಹೋದ ಮೇಲೆ, ಹನ್ನೆರಡನೇ ತಿಂಗಳಲ್ಲಿ, 62ಕ್ಕೆ ಇಳೀತು, ಆ ಕಡೆ 44. ಅಂದ್ರೆ ಪೂರ್ತಿ ಬಿದ್ದೋಗ್ಲಿಲ್ಲ, ಜಾರ್ತು. ಇಷ್ಟಾದ್ರೂ ತಾಯಿ ಮಗು ಸಾವು, ತೀವ್ರ ತೊಂದರೆಗಳಲ್ಲಿ ಎರಡೂ ಕಡೆ ವ್ಯತ್ಯಾಸ ಬರ್ಲಿಲ್ಲ. ಅದಕ್ಕೆ "ನಾನು ಪಾದ ನೋಡ್ತಿದೀನಿ" ಅಂತ ಎಣಿಸಿ ಗೊತ್ತಾದ್ರೆ "ನಮ್ಮೂರಲ್ಲಿ ಕಾಲು ಕತ್ತರಿಸೋದು ಕಮ್ಮಿ ಆಯ್ತು" ಅಂತ ಸ್ಟೇಜ್ ಮೇಲೆ ಹೇಳಕ್ಕೆ ಹೋಗ್ಬೇಡಿ. ಒಂದು ಕ್ಲಿನಿಕ್‌ನ ಲೆಕ್ಕದಲ್ಲಿ ಅದು ಕಾಣಲ್ಲ.

ಏನನ್ನ ಎಣಿಸ್ತೀವಿ ಅನ್ನೋದೂ ಅಷ್ಟೇ ಮುಖ್ಯ, ಇದಕ್ಕೆ ನಮ್ಮ ಬೆಳಗಾವಿ ಕಡೆಯದ್ದೇ ಉದಾಹರಣೆ. ಅದೇ ಉಸಿರು ಕೊಡೋ ಕೋರ್ಸನ್ನ ಅಲ್ಲಿ ಹಳ್ಳಿ ಪಿಎಚ್‌ಸಿಯಿಂದ ಹಿಡಿದು ದೊಡ್ಡ ಆಸ್ಪತ್ರೆವರೆಗೆ 599 ಜನ ಹೆರಿಗೆ ಮಾಡಿಸೋರಿಗೆ ಕಲಿಸಿದ್ರು. ಹುಟ್ಟಿದ ಮೇಲೆ ಸಾಯೋ ಮಕ್ಕಳ ಲೆಕ್ಕ ನೋಡಿದ್ರೆ ಬದಲಾವಣೆನೇ ಇಲ್ಲ. ಅಷ್ಟಕ್ಕೇ ಬಿಟ್ಟಿದ್ರೆ ಟ್ರೈನಿಂಗ್ ವೇಸ್ಟ್ ಅಂತಿದ್ರು. ಆದ್ರೆ ಹುಟ್ಟುವಾಗ್ಲೇ ಸತ್ತಿದೆ ಅಂತ ಬರ್ಕೊಳ್ತಿದ್ದ ಮಕ್ಕಳು ಶೇಕಡ 3.0ರಿಂದ 2.3ಕ್ಕೆ ಇಳಿದಿದ್ರು, ಅದ್ರಲ್ಲೂ ಆಗ ತಾನೇ ಸತ್ತಿದೆ ಅನ್ನೋ ಲೆಕ್ಕ 1.7ರಿಂದ 0.9ಕ್ಕೆ. ಸತ್ತೇ ಹುಟ್ಟಿದೆ ಅನ್ಕೊಂಡು ಬಟ್ಟೆ ಸುತ್ತಿ ಪಕ್ಕಕ್ಕಿಡ್ತಿದ್ದ ಕೆಲವು ಮಕ್ಕಳಿಗೆ ಉಸಿರು ಕೊಡಕ್ಕೆ ಶುರು ಮಾಡಿದ್ರು ಅಂತ ಅರ್ಥ ಮಾಡ್ಕೋಬಹುದು. ಹೋಲಿಸೋಕೆ ಟ್ರೈನಿಂಗ್ ಇಲ್ಲದ ಗುಂಪು ಇರ್ಲಿಲ್ಲ, ಹಿಂದೆ ಮುಂದೆ ಅಷ್ಟೇ, ಅದು ಅದರ ಮಿತಿ. ಆದ್ರೂ ಕಲಿಸಿದ್ದು ಎಲ್ಲಿ ಕಾಣಿಸ್ಬೇಕೋ ಅಲ್ಲಿ ಹುಡುಕಿದ್ರು.

ಬದಲಾಗ್ಲಿಲ್ಲ ಅಂದ್ರೆ

ಮೊದ್ಲು ನಿಮ್ಮನ್ನ ನೀವು ಬೈಕೋಬೇಡಿ, ಯಾಕೆ ಅಂತ ಹುಡುಕಿ. ಕೈ ಬರ್ತಿಲ್ವಾ, ಸಂದರ್ಭ ಬರ್ತಿಲ್ವಾ, ನೆನಪಾಗ್ತಿಲ್ವಾ, ಮನಸ್ಸಿಲ್ವಾ? ಒಂದೊಂದಕ್ಕೂ ಔಷಧಿ ಬೇರೆ. ಕೈ ಬರ್ತಿಲ್ಲ ಅಂದ್ರೆ ಮತ್ತೊಂದ್ಸಲ ಯಾರ ಹತ್ರಾನಾದ್ರೂ ನಿಂತು ನಿಜವಾದ ಪೇಷಂಟ್ ಮೇಲೆ ಮಾಡ್ಬೇಕು. ಭುಜಕ್ಕೆ ಕೀಲಿನ ಇಂಜೆಕ್ಷನ್ ಕಲಿಯೋ ನನ್ನ ಸ್ನೇಹಿತ ಒಬ್ರು ಮ್ಯಾನಿಕಿನ್ ಮೇಲೆ ಚೆನ್ನಾಗೇ ಮಾಡ್ತಿದ್ರು, ಕ್ಲಿನಿಕ್‌ನಲ್ಲಿ ಎರಡು ವರ್ಷ ಒಂದೂ ಹಾಕ್ಲಿಲ್ಲ, ಆಮೇಲೆ ಪರಿಚಯದ ಮೂಳೆ ಡಾಕ್ಟರ್ ಓಪಿಯಲ್ಲಿ ನಾಲ್ಕು ಶನಿವಾರ ಪಕ್ಕದಲ್ಲಿ ನಿಂತು ಹಾಕಿ ಬಂದ ಮೇಲೆ ಧೈರ್ಯ ಬಂತು. ಸಂದರ್ಭ ಬರ್ತಿಲ್ಲ, ತಿಂಗಳಿಗೆ ಒಬ್ರು ಬಂದ್ರೆ ಹೆಚ್ಚು ಅಂದ್ರೆ, ಆ ಸ್ಕಿಲ್ ನಿಮಗೆ ಬೇಡವೇ ಬೇಡ, ರೆಫರ್ ಮಾಡಿ, ಕಲಿತಿದ್ದೂ ಮರ್ತೋಗತ್ತೆ.

ಮನಸ್ಸಿಲ್ಲ ಅನ್ನೋದು ಕಷ್ಟದ್ದು, ಯಾಕಂದ್ರೆ ಅಲ್ಲಿ ನಮ್ಮ ಮನಸ್ಸಿನ ಜೊತೆ ಪೇಷಂಟ್ ಮನಸ್ಸು, ಗಲ್ಲಾಪೆಟ್ಟಿಗೆ ಎಲ್ಲಾ ಸೇರ್ಕೊಂಡಿರತ್ತೆ. ಪಶ್ಚಿಮ ಬಂಗಾಳದ ಬೀರ್‌ಭೂಮ್‌ನಲ್ಲಿ ಹಳ್ಳಿ ಕಡೆ ಪ್ರಾಕ್ಟೀಸ್ ಮಾಡೋ, ಡಿಗ್ರಿ ಇಲ್ಲದ 304 ಜನರ ಮೇಲೆ ಒಂದು ಟ್ರಯಲ್ ಆಯ್ತು, ಅರ್ಧ ಜನಕ್ಕೆ ಒಂಬತ್ತು ತಿಂಗಳು ಪಾಠ, ಆಮೇಲೆ ಪೇಷಂಟ್ ವೇಷದಲ್ಲಿ ಜನರನ್ನ ಕಳಿಸಿ ನೋಡಿದ್ರು, 2016ರಲ್ಲಿ ಪ್ರಕಟ ಆಯ್ತು. ಅವರು ಡಾಕ್ಟರ್ ಅಲ್ಲ, ಒಂಬತ್ತು ತಿಂಗಳು ಚಿಕ್ಕ ಟ್ರೈನಿಂಗೂ ಅಲ್ಲ, ಆದ್ರೂ ಫಲಿತಾಂಶ ನಮಗೆ ಕನ್ನಡಿ. ಕಾಯಿಲೆಗೆ ಸರಿಯಾದ ಚಿಕಿತ್ಸೆ ಕೊಡೋದು ಸುಮಾರು ಎಂಟು ಪರ್ಸೆಂಟ್ ಪಾಯಿಂಟ್ ಜಾಸ್ತಿ ಆಯ್ತು. ಬೇಡದ ಔಷಧಿ ಕೊಡೋದು ಒಂಚೂರೂ ಕಮ್ಮಿ ಆಗ್ಲಿಲ್ಲ. ಹೊಸದಾಗಿ ಏನಾದ್ರೂ ಸೇರಿಸಿ ಅಂದ್ರೆ ಸೇರಿಸ್ತೀವಿ, ಕೊಡ್ತಿರೋದನ್ನ ನಿಲ್ಸಿ ಅಂದ್ರೆ ನಿಲ್ಸಲ್ಲ. "ಡಾಕ್ಟ್ರೇ ಒಂದು ಸೂಜಿ ಹಾಕಿ", "ಸುಸ್ತು, ಒಂದು ಗ್ಲೂಕೋಸ್ ಏರಿಸಿ" ಅಂತ ಕೇಳೋರ ಮುಂದೆ ಯಾವ ಸ್ಲೈಡೂ ನೆನಪಿಗೆ ಬರಲ್ಲ.

ಆದ್ರೂ ನಿಲ್ಲಿಸಕ್ಕಾಗಲ್ಲ ಅಂತೇನಿಲ್ಲ, ನೆದರ್‌ಲ್ಯಾಂಡ್ಸಿನ ಫ್ಯಾಮಿಲಿ ಡಾಕ್ಟರ್‌ಗಳದ್ದು ಕೇಳಿ. ಕೆಮ್ಮು ಕಫ ಅಂತ ಬರೋರ ಜೊತೆ ಹೇಗೆ ಮಾತಾಡ್ಬೇಕು ಅಂತ ಚಿಕ್ಕ ಟ್ರೈನಿಂಗ್, ಪೇಷಂಟ್‌ಗೆ ಏನು ಭಯ ಇದೆ, ಏನು ಬೇಕಾಗಿದೆ ಕೇಳೋದು, ಕೆಮ್ಮು ಎಷ್ಟು ದಿನ ಇರತ್ತೆ ಅಂತ ಹೇಳೋದು, ಅಭಿನಯ ಮಾಡೋ ಪೇಷಂಟ್‌ಗಳ ಜೊತೆ ಅಭ್ಯಾಸ. 2009ರಲ್ಲಿ ಬಂದ ಫಲಿತಾಂಶದಲ್ಲಿ ಟ್ರೈನಿಂಗ್ ಆದೋರು ಶೇಕಡ 27 ಜನಕ್ಕೆ ಆಂಟಿಬಯಾಟಿಕ್ ಬರೆದ್ರು, ಆಗದೋರು 54. ಮೂರೂವರೆ ವರ್ಷ ಆದ ಮೇಲೆ ನೋಡಿದ್ರೂ ವ್ಯತ್ಯಾಸ ಉಳಿದಿತ್ತು, ಟ್ರೈನಿಂಗ್ ಆದೋರದ್ದು 26, ಆಗದೋರದ್ದು 39. ಇಷ್ಟು ದಿನ ಉಳಿದಿದ್ದು ಹೇಗೆ? ನನ್ನ ಊಹೆ ಹೇಳ್ತೀನಿ, ಕೆಮ್ಮು ದಿನಾ ಬರತ್ತೆ, ಅಭ್ಯಾಸ ದಿನಾ ಆಗತ್ತೆ, ಮಾತಾಡಕ್ಕೆ ಉಪಕರಣ ಬೇಡ ಡ್ರಾಯರ್‌ನಲ್ಲಿ ಕಳ್ದೋಗಕ್ಕೆ. ಮತ್ತೆ ಬರೀ "ಕೊಡ್ಬೇಡಿ" ಅಂತ ಹೇಳ್ದೇ ಕೊಡೋ ಬದಲು ಏನು ಮಾಡ್ಬೇಕು ಅಂತ ಕೈಗೆ ಕೊಟ್ರು. ನಾನು ಈಗ ಕೆಮ್ಮಿನೋರಿಗೆ "ಇದು ಎರಡು ಮೂರು ವಾರ ಇರತ್ತೆ, ನಾಲ್ಕನೇ ದಿನಕ್ಕೇ ಡಾಕ್ಟ್ರು ಸರಿ ಇಲ್ಲ ಅನ್ಬೇಡಿ" ಅಂತ ಮುಂಚೆನೇ ಹೇಳ್ತೀನಿ, ನಗ್ತಾರೆ, ಸೂಜಿ ಮರೀತಾರೆ. ಎಲ್ರೂ ಅಲ್ಲ.

ವರ್ಕ್‌ಶಾಪ್ ನಡೆಸೋರಿಗೆ ಎರಡೇ ಮಾತು. ಕೊನೇಲಿ ಹತ್ತು ಎಂಸಿಕ್ಯು (ಸರಿಯುತ್ತರ ಆರಿಸೋ ಪ್ರಶ್ನೆ) ಕೊಟ್ಟು ಅಂಕ ಏರಿದೆ ಅಂತ ರಿಪೋರ್ಟ್ ಬರೆಯೋದು ಬಿಡಿ, ಗೊತ್ತಿರೋದು ಬೇರೆ, ಮಾಡಿ ತೋರಿಸೋದು ಬೇರೆ, ಯಾರೂ ನೋಡ್ದಿದ್ದಾಗ ಮಾಡೋದು ಬೇರೆ. ಅದರ ಬದಲು ಬರೋವಾಗ್ಲೇ 30 ಕಾರ್ಡ್ ಎಣಿಸ್ಕೊಂಡು ಬನ್ನಿ ಅಂತ ಹೇಳಿ, ಮೂರು ತಿಂಗಳಿಗೆ ವಾಟ್ಸಾಪ್‌ನಲ್ಲಿ ಬರೀ ಒಂದು ಸಂಖ್ಯೆ ಕೇಳಿ, ಹೆಸರು ಹಾಕ್ದೇ ಎಲ್ಲರದ್ದೂ ಒಂದೇ ಹಾಳೇಲಿ ವಾಪಸ್ ಕಳಿಸಿ. ಪಕ್ಕದೋರದ್ದು 18, ನಂದು 6 ಅಂತ ನೋಡಿದ್ರೆ ಯಾವ ಡಾಕ್ಟರ್‌ಗೂ ರಾತ್ರಿ ನಿದ್ದೆ ಬರಲ್ಲ. ವೇಷದ ಪೇಷಂಟ್ ಕಳಿಸೋದಾದ್ರೆ ಮುಂಚೆನೇ ಒಪ್ಪಿಗೆ ತಗೊಳ್ಳಿ, ಇಲ್ಲಾಂದ್ರೆ ಜಗಳ ಆಗತ್ತೆ.

ಎಣಿಕೆ ಯಾವಾಗ ನಿಲ್ಲಿಸೋದು ಅಂತಾನೂ ಕೇಳ್ತಾರೆ. ಆರು ತಿಂಗಳು, ಒಂದು ವರ್ಷ, ಒಂದೂವರೆ ವರ್ಷ, ಮೂರು ಸಲಾನೂ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿದ್ರೆ ಅದನ್ನ ಬಿಟ್ಟು ಮುಂದಿನ ಸ್ಕಿಲ್ ಹಿಡೀರಿ. ನಮ್ಮಲ್ಲಿ ಪಾದ ಈಗ ಸಿಸ್ಟರ್ ಕೈಯಲ್ಲಿದೆ, ನಾನು ಮರೆತ್ರೂ ಅವ್ರು ಬಿಡಲ್ಲ. ಈ ತಿಂಗಳಿಂದ ಇನ್ಹೇಲರ್ ಹಿಡಿದಿದೀನಿ, ಪೇಷಂಟ್ ಕೈಯಲ್ಲೇ ಒಂದ್ಸಲ ಎಳೆಸಿ ನೋಡಿದ್ನಾ ಅಂತ ಎಣಿಕೆ. ಮೊದಲನೇ 30 ಕಾರ್ಡ್ ತೆಗೆದಿಟ್ಟಿದೀನಿ, ಇನ್ನೂ ಬಿಚ್ಚಿ ನೋಡೋ ಧೈರ್ಯ ಬಂದಿಲ್ಲ, ಭಾನುವಾರ ನೋಡ್ತೀನಿ.